ಅಕ್ಕನ ಮಗಳಿಗೆ ಪುಸ್ತಕ ಆರಿಸಿದ್ದು

ವಾದದಲ್ಲಿ ಸೋಲುವುದು ನನಗೆ ಬರುವುದಿಲ್ಲ. ಹೆಗ್ಗಳಿಕೆಯಿಂದ ಹೇಳುತ್ತಿಲ್ಲ, ಕೆಲವರಿಗೆ ಈಜು ಬರುವುದಿಲ್ಲವಲ್ಲ, ಹಾಗೆ. ಹೈದರಾಬಾದಿನ ಕಾಲೇಜಿನಲ್ಲಿ ನಮ್ಮ ಗುರುಗಳು ಒಂದೇ ವಿಷಯದ ಮೇಲೆ ಹತ್ತು ನಿಮಿಷ ಪರವಾಗಿ, ಹತ್ತು ನಿಮಿಷ ವಿರುದ್ಧವಾಗಿ ಮಾತಾಡಿಸುತ್ತಿದ್ದರು. ದೇವರಿದ್ದಾನೆಂದು ಸಾಧಿಸಿ, ನೀರು ಕುಡಿದು ಬಂದು, ಇಲ್ಲವೆಂದೂ ಸಾಧಿಸಿದ್ದೇನೆ. ಎರಡನೆಯದೇ ನಾಲಿಗೆಯ ಮೇಲೆ ಉಳಿಯಿತು. ಚರ್ಚಿನ ಉಪದೇಶಿಯ ಮಗ ಹೀಗಾದನಲ್ಲ ಎಂದು ಸಭೆಯ ಹಿರಿಯರು ಮರುಗಿದರು. ಅಕ್ಕ ಮಾತ್ರ ಮಗಳಿಗೆ ಪುಸ್ತಕ ಆರಿಸುವ ಕೆಲಸವನ್ನು ನನಗೇ ಒಪ್ಪಿಸಿದಳು.

ಅಕ್ಕ ವಾಡಿಯಲ್ಲಿದ್ದಾಳೆ, ಭಾವ ರೈಲಿನಲ್ಲಿ ಗಾರ್ಡು. ಅಲ್ಲಿನ ಸರಕಾರಿ ಶಾಲೆ ಉರ್ದುವಿನದು, ಮಿಶನ್ನಿನ ಬೋರ್ಡಿಂಗು ದೂರ. ಒಂಬತ್ತು ವರ್ಷದ ರೂತಳಿಗೆ ಕನ್ನಡವನ್ನೂ ಕ್ರೈಸ್ತರ ಚರಿತ್ರೆ, ಸಾಹಿತ್ಯವನ್ನೂ ಮನೆಯಲ್ಲೇ ಕಲಿಸಬೇಕೆಂದು ಅಕ್ಕನ ಹಟ. ಅವಸರಕ್ಕೆ ಕಾರಣವಿತ್ತು. ಡಾಕ್ಟರಮ್ಮ ಅಕ್ಕನ ಕಣ್ಣು ಪರೀಕ್ಷಿಸಿ, ಹೆಚ್ಚೆಂದರೆ ಇನ್ನೊಂದು ವರ್ಷ ಕಂಡೀತು ಎಂದಿದ್ದರು.

"ಕತ್ತಲಾಗೂದ್ರೊಳಗ ಪೋರಿ ಓದೂದು ನೋಡಬೇಕು, ತಮ್ಮಾ."

ನಮ್ಮ ಕಡೆ ಇಂಥ ಪುಸ್ತಕಗಳು ಅಂಗಡಿಯಲ್ಲಿ ಸಿಗುವುದಿಲ್ಲ. ತಗಡಿನ ಟ್ರಂಕಿನಲ್ಲಿ ಪುಸ್ತಕ ಹೊತ್ತು ಮಾರುವ ದೇವಪ್ಪಣ್ಣ ಸೇಡಂ, ಚಿತ್ತಾಪುರ ತಿರುಗಿ ತಿಂಗಳಿಗೊಮ್ಮೆ ವಾಡಿಗೆ ಬರುತ್ತಾರೆ. ಒಂದು ಪುಸ್ತಕ ಕೊಟ್ಟು ಹೋಗುತ್ತಾರೆ. ತಿಂಗಳು ಇಟ್ಟುಕೊಂಡು ನೋಡಿ, ಒಪ್ಪದಿದ್ದರೆ ಮರಳಿಸಿ ಬೇರೆಯದು ಪಡೆಯಬೇಕು. ವಾದಪ್ರಿಯನಿಗೆ ಇದಕ್ಕಿಂತ ಅಪಾಯದ ಪದ್ಧತಿ ಇನ್ನೊಂದಿಲ್ಲ. ನಾನು ಒಪ್ಪುವತನಕ ಮಗುವಿನ ಕೈಗೆ ಕೊಡಕೂಡದೆಂದು ಬೇರೆ ಕಟ್ಟುನಿಟ್ಟು ಮಾಡಿದ್ದೆ. ದೇವಪ್ಪಣ್ಣ ಬರುವ ದಿನ ನಾನಿರುವ ಶಹಾಬಾದಿನಿಂದ ಹೋಗಿ ತೀರ್ಪು ಕೊಡುತ್ತಿದ್ದೆ.

ಮೊದಲ ಚರಿತ್ರೆ ಸೃಷ್ಟಿಯಿಂದ ಹೊರಟು, ಯೆಹೂದಿ ಅರಸರನ್ನು ದಾಟಿ, ರೋಮಿನಲ್ಲಿ ದಣಿವಾರಿಸಿಕೊಂಡು, ಸೀದಾ ಮಿಶನರಿಗಳ ಹಡಗು ಹತ್ತುತ್ತಿತ್ತು. ನಡುವೆ ನಮ್ಮ ಮಳಖೇಡವೇ ಇಲ್ಲ! ಸೇಡಂ ದಾರಿಯಲ್ಲೇ ಇರುವ ಆ ರಾಜಧಾನಿಯ ಕಲ್ಲಿಗೆ ಈಗ ಎಮ್ಮೆಗಳು ಮೈ ತಿಕ್ಕುತ್ತವೆ. ಜೆರುಸಲೇಮಿನ ಬಾಗಿಲು ಬಲ್ಲ ಹುಡುಗಿ ಅದನ್ನೂ ಬಲ್ಲವಳಾಗಬೇಡವೇ? ಮರಳಿಸು ಎಂದೆ. ಎರಡನೆಯದರಲ್ಲಿ ಮಳಖೇಡವಿತ್ತು, 'ಅಂಧಕಾರದ ಕಾಲ' ಎಂಬ ತಲೆಬರಹದ ಕೆಳಗೆ. ಅದಂತೂ ಹೋಗಲೇಬೇಕಿತ್ತು. ಮೂರನೆಯದು ಕಥೆಗಳದು. ಪ್ರತಿ ಕಥೆಯ ಕೊನೆಗೂ ಒಂದು ಒಳ್ಳೆಯ ಮಗು ಹಿಮದಲ್ಲಿ ಸಾಯುತ್ತಿತ್ತು.

"ವಾಡಿ ಬಿಸಲಾಗ ಹುಟ್ಟಿದಾಕಿಗಿ ಹಿಮ ಹ್ಯಾಂಗ ತಿಳೀತದಕ್ಕಾ?"

"ಸುಣ್ಣದ ಭಟ್ಟಿ ಬಾಜೂಕಿನ ಬೇವಿನ ಗಿಡ ನೋಡ್ಯಾಳಲ್ಲೋ. ಹಂಗ ಬೆಳ್ಳಗ, ಆದ್ರ ತಣ್ಣಗ ಅಂತೀನಿ."

ಉತ್ತರ ಚೆನ್ನಾಗಿತ್ತು. ಅದಕ್ಕೇ ನಾನು ಇನ್ನೂ ಮೂರು ಆಕ್ಷೇಪಣೆ ಎತ್ತಿದೆ. ಕೆಟ್ಟ ಪುಸ್ತಕಕ್ಕಿಂತ ಬರಿಗೈ ಮೇಲೆಂದು ಸಾಧಿಸಿದೆ. "ನಿಂದೇ ಖರೆ ಬಿಡು," ಎಂದು ಅಕ್ಕ ಪುಸ್ತಕವನ್ನು ಸೆರಗಿನಿಂದ ಒರೆಸಿ ಮರಳಿಸಿದಳು. ಮೂರನೇ ಇಯತ್ತೆ ಓದಿದವಳಿಗೆ ಕಾಲೇಜು ಓದಿದ ತಮ್ಮನ ಮೇಲೆ ಅಷ್ಟು ನಂಬಿಕೆ.

ಆರನೆಯದೂ ಮರಳಿದಾಗ ದೇವಪ್ಪಣ್ಣ ಟ್ರಂಕು ಮುಚ್ಚುತ್ತ, "ಯಪ್ಪಾ, ನಿನ್ನ ಮನಸಿಗಿ ಬರೋ ಪುಸ್ತಕ ಇನ್ನಾ ಹುಟ್ಟಿಲ್ಲ. ನೀನೇ ಹಡಿ," ಎಂದರು. ಪಂಥಕ್ಕೆ ಬಿದ್ದು ನಾನೇ ಬರೆಯಲು ಕುಳಿತೆ. ಎರಡು ತಿಂಗಳು ವಾಡಿಯ ಕಡೆ ಹೋಗಲಿಲ್ಲ. ಮುನ್ನುಡಿ ಮುಗಿಯಿತು.

ಅದನ್ನು ಓದಿ ಹೇಳಲೆಂದು ಹೋದೆ. ಅಕ್ಕ ಚಹಾ ಸೋಸುತ್ತ ಒಂದು ಬೆರಳನ್ನು ಕಪ್ಪಿನೊಳಗೆ ಇಳಿಬಿಟ್ಟಿದ್ದಳು, ತುಂಬಿದ್ದು ತಿಳಿಯಲೆಂದು. ಡಾಕ್ಟರಮ್ಮ ಹೇಳಿದ ವರ್ಷ ಅವಧಿಗೆ ಮೊದಲೇ ಮುಗಿದಿತ್ತು. ಆರು ತಿಂಗಳು ನಾನು ಪುಸ್ತಕಗಳನ್ನು ನೋಡಿದ್ದೆ, ಅವಳನ್ನು ನೋಡಿರಲಿಲ್ಲ.

ರೂತಳ ತೊಡೆಯ ಮೇಲೆ ಆ ಹಿಮದ ಕಥೆಗಳ ಪುಸ್ತಕವಿತ್ತು. ದೇವಪ್ಪಣ್ಣ ನನ್ನನ್ನು ಕೇಳದೆ ಅದನ್ನು ಮರಳಿ ತಂದಿಟ್ಟಿದ್ದರು. ಹುಡುಗಿ ಒಂದೊಂದೇ ಅಕ್ಷರ ಕೂಡಿಸುತ್ತ ಬಂದು ಒಂದು ಒತ್ತಕ್ಷರದ ಹತ್ತಿರ ತಡೆದಳು.

"ಅವ್ವಾ, ಇದರ ಬುಡಕ ಏನೋ ಜೋತಾಡ್ಲಿಕತ್ತದ."

"ಎಂಥಾದು? ಕುಡಗೋಲಿನಂಗೋ, ಚೇಳಿನ ಬಾಲದಂಗೋ?"

"ಚೇಳಿನಂಗ."

ಅಕ್ಕ ಗಾಳಿಯಲ್ಲಿ ಬೆರಳಾಡಿಸಿ ನೆನಪು ಮಾಡಿಕೊಳ್ಳತೊಡಗಿದಳು. ನನ್ನ ಬಾಯಿ ತೆರೆದ ಸದ್ದು ಅವಳಿಗೆ ಹೇಗೆ ಕೇಳಿತೋ. "ನೀ ಸುಮ್ಕಿರು, ತಮ್ಮಾ. ಆಕೀನೇ ಹೇಳಲಿ," ಎಂದಳು.

ಆ ಸಾಲು ಮುಗಿಯುವಷ್ಟರಲ್ಲಿ ಒಂದು ಗೂಡ್ಸ್ ಗಾಡಿ ಹೋಗಿ ಇನ್ನೊಂದು ಬಂತು. ಅಕ್ಕ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನ್ನ ಹತ್ತಿರ ಉತ್ತರವಿತ್ತು.