ಗೋಡೆಯ ಮೇಲಿನ ಚಂದ್ರಿಕೆ

ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಹಳೆಯ ಚಂದ್ರಿಕೆಯೊಂದನ್ನು ಕೈಲಾಂಚದ ರೈತ ಮಹಿಳೆಯೊಬ್ಬರಿಂದ ಕೊಂಡು, ಕೈತೋಟದ ಗೋಡೆಗೆ ತೂಗುಹಾಕಿ, ಮಲ್ಲಿಗೆಬಳ್ಳಿ ಹಬ್ಬಿಸಿದ್ದೆ. ನಾಲ್ಕು ತಿಂಗಳ ಬಳಿಕ ಆಕೆ ಗೇಟಿನಲ್ಲಿ ಪ್ರತ್ಯಕ್ಷರಾದರು.

"ಚಂದ್ರಿಕೆ ಒಸಿ ಕೊಡಿ ಅಮ್ಮಾವ್ರೇ. ಹುಳ ಹಣ್ಣಾಗ್ಬುಟ್ಟವೆ, ಒಂದು ಕಮ್ಮಿ ಬಿತ್ತು."

"ಅದನ್ನು ನನಗೆ ಮಾರಿದ್ದಿರಲ್ಲ," ಎಂದೆ ಗಂಭೀರವಾಗಿ. "ಬಳ್ಳಿ ಬೇರೆ ಹಬ್ಬಿದೆ."

"ಬಳ್ಳಿ ನಾಳೆನೂ ಹಬ್ತದೆ. ಹುಳ ಇವತ್ತೇ ಗೂಡು ಕಟ್ಬೇಕು, ಇಲ್ದಿದ್ರೆ ಅಷ್ಟೂ ಹಾಳು!"

ಬಳ್ಳಿಯನ್ನು ನಾನೇ ಬಿಡಿಸಿ, ಚಂದ್ರಿಕೆಯನ್ನು ಇಳಿಸಿ ಕೊಟ್ಟೆ.

ವಾರದೊಳಗೆ ಆಕೆಯೇ ಅದನ್ನು ತಂದು ಗೋಡೆಗೆ ಸಿಕ್ಕಿಸಿದರು. "ಗೂಡು ಚೆನ್ನಾಗ್ ಬಂತು. ಮುಂದಿನ ಬೆಳೆಗೆ ಬತ್ತೀನಿ," ಎಂದವರು ನನ್ನ ಒಪ್ಪಿಗೆಗೂ ಕಾಯದೆ ಹೊರಟರು.

ಗೋಡೆಯ ಮೇಲಿರುವುದೇನೆಂದು ಕೇಳುವ ಅತಿಥಿಗಳಿಗೆ, ಅದು ರಜೆಯ ಮೇಲಿದೆ ಎನ್ನುತ್ತೇನೆ.