ಅಮವಾಸ್ಯೆಯ ಬಿಡುಗಡೆಗಳು

ಎಲ್ಲೋ ಹಿಮ ಬೀಳುವ ದೇಶದ ಅಪರಿಚಿತರೊಬ್ಬರಿಂದ ಒಮ್ಮೆ ನಮಗೆ ಮೇಲ್ ಬಂತು. ನಿಮ್ಮ ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿಗಳು ಮನಸ್ಸಿಗೆ ಬಂದ ದಿನ ಬಿಡುಗಡೆಯಾಗುತ್ತವೆ ಎಂದುಕೊಂಡಿದ್ದೆ, ಆದರೆ ಹಳೆಯ ದಿನಾಂಕಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದರೆ ಆ ಯಾವ ದಿನವೂ ಆಕಾಶದಲ್ಲಿ ಚಂದ್ರನಿಲ್ಲ, ಇದು ಹೌದೇ ಎಂದು ಕೇಳಿದ್ದರು. ಪಾಪ, ಅವರು ನಮ್ಮನ್ನು ಯಾವುದೋ ಗುಪ್ತ ಪಂಥದವರೆಂದು ತಿಳಿದಿರಬೇಕು. ವಿಷಯ ಇಷ್ಟೇ ಇತ್ತು: ಅಮವಾಸ್ಯೆಗೆ ಇಳಕಲ್ಲಿನಲ್ಲಿ ಅಕ್ಕನ ಮನೆಯ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ಅಕ್ಕನಿಗೆ ಪುರಸೊತ್ತು. ಅಕ್ಕ ಪರೀಕ್ಷೆ ಮಾಡಿ ನೋಡದ ಆವೃತ್ತಿಯನ್ನು ನಾವು ಹೊರಗೆ ಬಿಡುವುದಿಲ್ಲ.

ನಾವು ಎಂದರೆ ಮೂವರು. ಭಾಷೆಯನ್ನು ಹುಟ್ಟಿಸಿದವರು ಬಾದಾಮಿಯ ನನ್ನ ಸರ್, ನನಗೆ ಕಾಲೇಜಿನಲ್ಲಿ ಕಲಿಸಿದವರು, ಈಗ ನಿವೃತ್ತರು. ಅಕ್ಕ ಇಳಕಲ್ಲಿನ ನೇಕಾರರ ಮನೆಯವಳು, ಸೀರೆಯ ದಡಿ, ಅಂದರೆ ಅಂಚು, ಮತ್ತು ಸೆರಗುಗಳ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆದುಕೊಡುತ್ತಾಳೆ. ಒಡಹುಟ್ಟಿದವಳಲ್ಲ, ಆದರೂ ನನಗೆ ಅಕ್ಕನೇ. ಮೂರನೆಯವಳು ನಾನು, ಬಾಗಲಕೋಟೆಯ ನವನಗರದಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ, ಸಿಟ್ಟು ಮೂಗಿನ ತುದಿಯಲ್ಲಿ ಇಟ್ಟುಕೊಂಡು ಓಡಾಡುತ್ತೇನೆ. ಭಾಷೆ ಚಿಕ್ಕದು. ಚಿತ್ರ ಬರೆಸುವುದೇ ಅದರ ಕೆಲಸ. ಬಲಕ್ಕೆ ಹೋಗು, ಕೆಳಗೆ ಇಳಿ, ಕೆಂಪು ತಗೋ ಎಂದು ಕನ್ನಡದಲ್ಲೇ ಹೇಳಿದರೆ ಚೌಕ ಚೌಕವಾಗಿ ಚಿತ್ರ ಮೂಡುತ್ತದೆ. ಅಕ್ಕನಂಥ ಕೆಲವರು, ಶಾಲೆಯ ಮಕ್ಕಳು, ಮತ್ತೆ ಎಲ್ಲೆಲ್ಲಿಯವರೋ ಅದನ್ನು ಬಳಸುತ್ತಾರೆ. ಅವರೆಲ್ಲ ಹೇಗೆ ನಮ್ಮಲ್ಲಿಗೆ ಬಂದರೋ ನನಗೆ ಇಂದಿಗೂ ಗೊತ್ತಿಲ್ಲ.

ಬಿಡುಗಡೆಗೆ ನಾವು ಸೇರುತ್ತಿದ್ದುದು ಹುನಗುಂದದಲ್ಲಿ. ಸರ್ ಐಹೊಳೆಯ ಮೇಲಿಂದ ಬಸ್ಸಿನಲ್ಲಿ ಬರುತ್ತಿದ್ದರು, ನಾನು ಬಾಗಲಕೋಟೆಯಿಂದ, ಅಕ್ಕ ಇಳಕಲ್ಲಿನಿಂದ. ಬಸ್ ನಿಲ್ದಾಣದ ಹತ್ತಿರದ ಒಂದು ಚಹಾದಂಗಡಿಯ ಹಿಂದೆ ಬೇವಿನ ಗಿಡ, ಅದರ ಕೆಳಗೆ ಕಲ್ಲಿನ ಕಟ್ಟೆ. ಅಲ್ಲಿ ಲ್ಯಾಪ್‌ಟಾಪ್ ಇಟ್ಟು, ನನ್ನ ಫೋನಿನಿಂದ ಇಂಟರ್ನೆಟ್ ಹಚ್ಚಿ, ಮಿರ್ಚಿ ಭಜಿ ತಿಂದ ಕೈಯನ್ನು ಕರವಸ್ತ್ರಕ್ಕೆ ಒರೆಸಿಕೊಂಡು ಸರ್ ಗುಂಡಿ ಒತ್ತುತ್ತಿದ್ದರು. ಅಷ್ಟೇ. ಎಲೆ ಕೂಡ ಅಲುಗುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಬಸ್ಸುಗಳು ಅರೆನಿದ್ದೆಯಲ್ಲಿ ಗುರುಗುಡುತ್ತಿದ್ದವು. ಈ ಗಳಿಗೆಯಲ್ಲಿ ಎಲ್ಲೋ ಹಿಮದ ಊರಿನಲ್ಲಿ ಯಾರೋ ಹುನಗುಂದದಿಂದ ಹೊರಟದ್ದನ್ನು ತಮ್ಮ ಮನೆಯೊಳಗೆ ಇಳಿಸಿಕೊಳ್ಳುತ್ತಿದ್ದಾರೆ ಎಂದು ನೆನೆದು ನನಗೆ ಕೂತಲ್ಲೇ ತೇಲಿದ ಹಾಗಾಗುತ್ತಿತ್ತು. ಆ ಮಧ್ಯಾಹ್ನಗಳನ್ನು ನಾನು ತುಂಬ ಪ್ರೀತಿಸುತ್ತಿದ್ದೆ.

ನಮ್ಮ ಭಾಷೆಯಲ್ಲಿ ಒಂದು ಪದ್ಧತಿಯಿದೆ. ಬರೆದವರು ತಪ್ಪಿದರೆ ಅದು ಗದರಿಸುವುದಿಲ್ಲ, ಮನೆಗೆ ಬಂದವರನ್ನು ಮಾತಾಡಿಸಿದಂತೆ ಮಾತಾಡಿಸುತ್ತದೆ. ತೆರೆದ ಆವರಣ ಚಿಹ್ನೆಯನ್ನು ಮುಚ್ಚದೆ ಬಿಟ್ಟರೆ, “ಬಾಗಲಾ ತಗದಿಟ್ಟು ಬಂದೀರಿ, ಮುಚ್ಚಿ ಬರ್ರಿ” ಎನ್ನುತ್ತದೆ. ಮೊದಲೇ ಹೇಳದ ಹೆಸರನ್ನು ಬಳಸಿದರೆ, “ಇವರು ಯಾರು ಗೊತ್ತಾಗಲಿಲ್ರಿ, ಪರಿಚಯ ಮಾಡಿಸ್ರಿ” ಎನ್ನುತ್ತದೆ. ಬೆಂಗಳೂರಿನ ಕಡೆಯವರೊಬ್ಬರು ಈ ಸಂದೇಶಗಳನ್ನು ಶುದ್ಧ ಕನ್ನಡಕ್ಕೆ ತಿದ್ದಿ ಕಳಿಸಿದ್ದರು. ದೋಷ ಕಂಡುಬಂದಿದೆ, ದಯವಿಟ್ಟು ಸರಿಪಡಿಸಿ ಎಂದು. ಸರ್ ಅದನ್ನು ಓದಿ ನನ್ನತ್ತ ತಿರುಗಿದರು.

“ತಪ್ಪೇನಿಲ್ಲವಾ. ಆದ್ರ ಹಿಂಗ ಮಾತಾಡಿದ್ರ ಬಂದವರು ನಿಂತ ಮಾತಾಡಿ ಹೋಗ್ತಾರ, ಕುಂದ್ರೂದಿಲ್ಲ,” ಎಂದರು.

ಇಷ್ಟು ಅಕ್ಕರೆಯ ಭಾಷೆಗೆ ಒಂದು ಹುಟ್ಟುದೋಷವಿತ್ತು. ಮೊದಲನೆಯ ಆವೃತ್ತಿಯನ್ನು ಸರ್ ಬರೆದದ್ದು ಅಕ್ಕನ ಮನೆಯ ಮಗ್ಗದ ಮುಂದೆ ಕೂತು. ಆ ಮಗ್ಗದಲ್ಲಿ ಸೀರೆಯ ಮುಖ ಕೆಳಗಿರುತ್ತದೆ, ನೇಯುವವರಿಗೆ ಕಾಣುವುದು ಬೆನ್ನು. ಸರ್ ಕಂಡದ್ದನ್ನು ಕಂಡ ಹಾಗೆ ಬರೆದುಬಿಟ್ಟರು. ಹಾಗಾಗಿ ಬಲಕ್ಕೆ ಹೋಗು ಎಂದರೆ ಗೆರೆ ಎಡಕ್ಕೆ ಹೋಗುತ್ತಿತ್ತು. ಅವರ ಮೊಟ್ಟಮೊದಲ ಪ್ರೋಗ್ರಾಮು ಒಂದು ಗಿಳಿ. ಅದು ಇವರ ಕಡೆ ನೋಡಬೇಕಾದದ್ದು ಗೋಡೆಯ ಕಡೆ ಮುಖ ಮಾಡಿ ಕೂತಿತ್ತು. ಮಗ್ಗದ ಮನೆಯಲ್ಲಿ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಶಾಲೆಯ ಮಕ್ಕಳೂ ಹೊರಗಿನವರೂ ಬಂದ ಮೇಲೆ ಫಜೀತಿ ಶುರುವಾಯಿತು. ಎರಡನೆಯ ಆವೃತ್ತಿಯಲ್ಲಿ ಸರ್ ಬಲವನ್ನು ಬಲವೇ ಮಾಡಿದರು. ಆದರೆ ಹಳೆಯ ಪ್ರೋಗ್ರಾಮುಗಳು ಕೆಡಬಾರದಲ್ಲ, ಅದಕ್ಕೆ ಹೊಸ ರೀತಿಯಲ್ಲಿ ಬರೆಯುವವರು ಮೊದಲ ಸಾಲಿನಲ್ಲಿ ‘ಹೊಸದು’ ಎಂದು ಬರೆಯಬೇಕು, ಬರೆಯದಿದ್ದರೆ ಭಾಷೆ ಅದನ್ನು ಹಳೆಯದೆಂದು ತಿಳಿದು ತಿರುವಿ ಓದಬೇಕು ಎಂದು ನೇಮ ಮಾಡಿದರು. ಅಂದಿನಿಂದ ಒಂದೇ ಸೂರಿನ ಕೆಳಗೆ ಎರಡು ಸಂಸಾರ. ಏನೇ ಹೊಸತು ಸೇರಿಸಿದರೂ ಎರಡು ಸಲ ಕಟ್ಟಬೇಕಿತ್ತು. ಎಲ್ಲ ಆವೃತ್ತಿಗಳಲ್ಲೂ ಆ ಹಳೆಯ ಪಾಲಿನ ಕೆಲಸವನ್ನು ಸರ್ ಒಬ್ಬರೇ ಮಾಡುತ್ತ ಬಂದರು.

ಹೋದ ವರ್ಷ ಚಳಿಗಾಲದಲ್ಲಿ ಅವರು ನನ್ನನ್ನು ಬಾದಾಮಿಗೆ ಕರೆಸಿದರು. ಕೆರೆಯ ಆಚೆಯ ಬಂಡೆಗಳು ಸಂಜೆಗೆ ಕೆಂಪಾಗಿ, ನೀರಿನಲ್ಲೂ ಕೆಂಪಾಗಿ ಹರಡಿದ್ದವು. ಸರ್ ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ಪರದೆಯ ತುಂಬ ಒಂದೇ ಒಂದು ಪದವಿತ್ತು. ಕಣ್ಣು ಮಂಜಾದಂತೆಲ್ಲ ಅಕ್ಷರವನ್ನು ದೊಡ್ಡದು ಮಾಡುತ್ತ ಹೋಗಿ, ಈಗ ಒಂದು ಸಲಕ್ಕೆ ಒಂದು ಪದಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. 

“ಬರೂ ವರ್ಷನ್ ನಂದು ಕಡೀದು. ಆಮ್ಯಾಲ ನೀನಽ ನೋಡ್ಕೋಬೇಕು,” ಎಂದರು. “ಅದ್ರಾಗ ಹಳೇದು ತಗದುಬಿಡೂಣು.”

“ತಗದುಬಿಡೂಣು ಅಂದ್ರ?”

“ಹಳೇ ರೀತೀದು ಯಾವುದೂ ನಡಿಯೂದಿಲ್ಲ. ಬಲ ಅಂದ್ರ ಬಲ.”

ನಾನು ಅಂದದ್ದನ್ನು ಹೇಳಬೇಕಾದರೆ ಮೊದಲು ಹಳೇ ಊರನ್ನು ಹೇಳಬೇಕು. ನಾನು ಹುಟ್ಟಿದ ಬಾಗಲಕೋಟೆಯ ಓಣಿ ಈಗ ಅಣೆಕಟ್ಟಿನ ಹಿನ್ನೀರಿನೊಳಗಿದೆ. ಚಿಕ್ಕವಳಿದ್ದಾಗ ನಮ್ಮನ್ನು ನವನಗರಕ್ಕೆ ಎಬ್ಬಿಸಿದರು. ನಮ್ಮ ಕಡೆ ಇದಕ್ಕೆ ಮುಳುಗಡೆ ಎನ್ನುತ್ತಾರೆ. ಹೊಸ ಊರಿನಲ್ಲಿ ರಸ್ತೆ ಅಗಲ, ಮನೆಗೆ ನಂಬರು, ಎಲ್ಲವೂ ನೆಟ್ಟಗೆ. ಅದು ಒಳ್ಳೆಯದೆಂದು ಎಲ್ಲರೂ ಹೇಳಿದರು, ಒಳ್ಳೆಯದೂ ಇತ್ತು. ಆದರೂ ಇಂದಿಗೂ ನಿದ್ದೆಯಲ್ಲಿ ನಾನು ಮನೆಗೆ ಹೋಗುವುದಾದರೆ ನೀರಿನೊಳಗಿನ ಆ ಓಣಿಗೇ ಹೋಗುತ್ತೇನೆ. ಕಾಲು ಒದ್ದೆಯಾಗುವುದಿಲ್ಲ, ಮೀನುಗಳು ಕಿಟಕಿಗಳಲ್ಲಿ ಸುಮ್ಮನೆ ನಿಂತಿರುತ್ತವೆ.

“ಸರ್, ಒಂದ್ಸಲ ಮುಳುಗಿಸಿದ್ದು ಸಾಕಾಗಲಿಲ್ಲೇನ್ರಿ?” ಎಂದೆ. “ಅಕ್ಕನ ದಡಿ ಎಲ್ಲಾ ಹಳೇ ರೀತಿಯೊಳಗ ಅದಾವ. ನನ್ನ ಕೈಲೆ ಇನ್ನೊಂದು ಮುಳುಗಡಿ ಮಾಡಸಬ್ಯಾಡ್ರಿ.”

ಸರ್ ಸಿಟ್ಟಾಗಲಿಲ್ಲ. “ನಾ ಹೊತ್ತಿದ್ದು ಗೊತ್ತೈತಿ. ನೀ ಒಬ್ಬಾಕಿನ ಹೊರೂದು ಬ್ಯಾಡ ಅಂತ ಹೇಳಾಕತ್ತೇನಿ,” ಎಂದರು. ನಾನು ಚಹಾ ಕುಡಿಯದೆ ಎದ್ದು ಬಂದೆ. ಬಸ್ಸಿನಲ್ಲಿ ಬಾಗಲಕೋಟೆಯವರೆಗೂ ಅತ್ತೆ. ಹಳೆಯದು ಹೋಗುತ್ತದೆಂದು ಅತ್ತೆನೋ, ಸರ್ ಹೋಗುತ್ತಾರೆಂದು ಅತ್ತೆನೋ, ಎರಡೂ ಒಂದರಲ್ಲೊಂದು ಕಲಸಿಹೋಗಿದ್ದವು.

ಬೇಸಿಗೆ ಬಂತು. ಹಿನ್ನೀರು ಇಳಿದು ಹಳೇ ಊರಿನ ಬುನಾದಿಗಳು ಮೇಲೆದ್ದವು. ಪ್ರತಿ ಬೇಸಿಗೆ ನಾನೊಬ್ಬಳೇ ಅದನ್ನು ನೋಡಲು ಹೋಗುತ್ತಿದ್ದೆ, ಆ ವರ್ಷ ಅವ್ವ ತಾನೂ ಬರುತ್ತೇನೆಂದಳು. ಒಣಗಿ ಬಿರಿದ ಕೆಸರಿನ ಮೇಲೆ ಇಬ್ಬರೂ ನಡೆದೆವು. ಗೋಡೆಗಳಿಲ್ಲ, ಮೊಣಕಾಲೆತ್ತರದ ಕಲ್ಲಿನ ಸಾಲುಗಳು ಮಾತ್ರ. ಬಿಸಿಲು ಅದರ ಮೇಲೆ ನೀರಿನ ಹಾಗೆಯೇ ತುಯ್ದಾಡುತ್ತಿತ್ತು. ಅವ್ವ ಒಂದು ಹೊಸ್ತಿಲಗಲ್ಲಿನ ಮುಂದೆ ನಿಂತಳು. ಚಪ್ಪಲಿ ಬಿಟ್ಟು ಒಳಗೆ ಹೋದಳು. ಒಳಗೆ ಅಂದರೆ ಏನು, ಎಲ್ಲ ಬಯಲೇ. ಆದರೂ ಅಡುಗೆಮನೆ ಇದ್ದ ಮೂಲೆಗೆ ಹೋಗುವಾಗ ಇಲ್ಲದ ಬಾಗಿಲ ಚೌಕಟ್ಟಿಗೆ ತಲೆ ತಾಗಬಾರದೆಂದು ಬಗ್ಗಿದಳು.

ನಾನು ತಡೆಯಲಾರದೆ ಕೇಳಿದೆ. “ಭಾಳ ಸಂಕಟಾಗ್ತದೇನ ಅವ್ವಾ?”

ಅವ್ವ ಸ್ವಲ್ಪ ಯೋಚನೆ ಮಾಡಿದಳು. “ಇದು ಹೋದದ್ದಕ್ಕ ಅಲ್ಲ. ಹಳೇ ಮನಿ ಒಂದಿಲ್ಲೊಂದು ದಿನ ಬೀಳೂದಽ. ಸಾಮಾನು ಏರಿಸಿಕೊಂಡು ಹೊಸಾ ಜಾಗಾಕ್ಕ ಹೋಗಿ ಇಳದ್ವಿ ನೋಡು, ಬಾಗಲದಾಗ ನಿಂತು ಬರ್ರಿ ಅನ್ನೋರು ಒಬ್ಬರೂ ಇರಲಿಲ್ಲ. ನೀರು ಬೇಕೇನ್ರಿ ಅಂತ ಕೇಳೋರು ಇರಲಿಲ್ಲ. ನಮ್ಮ ಮನೀಗೆ ನಾವಽ ಕಳ್ಳರಂಗ ಹೊಕ್ಕೊಂಡ್ವಿ. ಅದು ಮನಸಿನ್ಯಾಗ ಉಳೀತು.”

ಹೇಳಿ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು, ಬಿಸಿಲು ಭಾಳ, ನಡಿ ಹೋಗೋಣ ಎಂದಳು.  ಇಷ್ಟು ವರ್ಷ ನಾನು ಯಾವುದಕ್ಕೆ ಸಿಟ್ಟಾಗಿದ್ದೆ ಎಂಬುದು ಅವ್ವನ ಬಾಯಿಂದ ಕೇಳಿ ಗೊತ್ತಾಯಿತು.

ಮನೆಗೆ ಬಂದವಳೇ ಸರ್‌ಗೆ ಫೋನ್ ಮಾಡಿ, ಹಳೆಯದನ್ನು ತೆಗೆಯೋಣ, ಆದರೆ ತೆಗೆಯುವ ಕೆಲಸ ಪೂರ್ತಿ ನನ್ನದು, ನೀವು ಒಳಗೆ ಇಣುಕಬಾರದು ಎಂದೆ.  “ಆತವಾ,” ಎಂದರು.

ಉಳಿದದ್ದು ಅಕ್ಕನ ದಡಿಗಳು. ಅವಳಿಗೆ ಹೇಗೆ ಹೇಳಲಿ ಎಂದು ನಾನು ಹೆದರಿ ಇಳಕಲ್ಲಿಗೆ ಹೋದರೆ ಅವಳು ಸೆರಗಿನ ಕೊಂಡಿ ಹಾಕಲು ಆಗಷ್ಟೇ ಮಗ್ಗದ ಮುಂದೆ ಕೂತಿದ್ದಳು. ಇಳಕಲ್ ಸೀರೆಯ ಮೈಗೂ ಸೆರಗಿಗೂ ಬೇರೆ ಬೇರೆ ನೂಲು ಹಾಸಿರುತ್ತಾರೆ. ಆ ಹಾಸಿನ ಎಳೆಗೂ ಈ ಹಾಸಿನ ಎಳೆಗೂ ಒಂದರೊಳಗೊಂದು ಕುಣಿಕೆ ಕೂರಿಸಿ ಕೊಂಡಿ ಹಾಕಬೇಕು. ಒಬ್ಬರ ಕೈಯಲ್ಲಿ ಸಾಗುವ ಕೆಲಸವಲ್ಲ, ಎದುರುಬದುರು ಕೂತು ಮಾಡುತ್ತಾರೆ.

ನನ್ನ ಮಾತು ಮುಗಿಯುವ ತನಕ ಅಕ್ಕ ತಲೆಯೆತ್ತಲಿಲ್ಲ. “ಅಷ್ಟಽ ಹೌದಿಲ್ಲೋ? ಮೂರೂ ಮಂದಿ ಕೂತು ಕೊಂಡಿ ಹಾಕಿದ್ರ ಆತು,” ಎಂದಳು. “ಅದಕ್ಯಾಕ ಮುಖಾ ಹಿಂಗ ಸಣ್ಣ ಮಾಡೀ ತಂಗಿ? ಮೊದಲ ಉಣ್ಣು.”

ಮುಂದಿನ ಅಮವಾಸ್ಯೆಗೆ ಸರ್ ಅವರನ್ನೂ ಕರೆಸಿಕೊಂಡು ಅಕ್ಕನ ಮನೆಯಲ್ಲಿ ಕೂತೆವು. ಮಗ್ಗ ನಿಂತ ಮನೆಯಲ್ಲಿ ಒಂದು ಬಗೆಯ ಮೌನವಿರುತ್ತದೆ, ದಿನವೂ ಲಟಪಟ ಕೇಳಿದ ಗೋಡೆಗಳು ಇನ್ನೂ ಏನೋ ಕೇಳುತ್ತಿರುವ ಹಾಗೆ. ಪರದೆಯ ಸಾಲುಗಳನ್ನು ಓದುವಷ್ಟು ಸರ್‌ಗೆ ಕಣ್ಣು ಕಾಣುತ್ತಿರಲಿಲ್ಲ, ಆದರೆ ಹಳೆಯ ರೀತಿ ಬಾಯಿಪಾಠವಿತ್ತು. ಅಕ್ಕ ಒಂದೊಂದೇ ದಡಿಯ ಸಾಲು ಓದುತ್ತಿದ್ದಳು, ಸರ್ ಕಣ್ಣು ಮುಚ್ಚಿ ಅದನ್ನು ಹೊಸ ರೀತಿಗೆ ತಿರುವಿ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಒಂದು ದಡಿಯಲ್ಲಿ ಅವರಿಬ್ಬರಿಗೂ ಜಗಳವೇ ಆಯಿತು, ಆನೆ ಯಾವ ಕಡೆ ಹೊರಟಿತ್ತು ಎಂದು. ಕೊನೆಗೆ ಅಕ್ಕ ಒಳಗಿನಿಂದ ಸೀರೆಯನ್ನೇ ತಂದು ಹಾಸಿದಳು. ಆನೆ ಸರ್ ಹೇಳಿದ ಕಡೆಗೇ ಹೊರಟಿತ್ತು, ಅವರು ಆ ಸಂಜೆಯೆಲ್ಲ ಅದನ್ನೇ ಹೇಳಿಕೊಂಡರು.

ಎಲ್ಲ ಮುಗಿದ ಮೇಲೆ ಸರ್ ಅವರ ಗಿಳಿ ಉಳಿಯಿತು.

“ಅದು ನಂದು. ಅದನ್ನ ತಿರುವಬ್ಯಾಡ್ರಿ,” ಎಂದರು. ಯಾಕೆ ಎಂದು ನಾವು ಕೇಳಲಿಲ್ಲ.

ಬಿಡುಗಡೆಯ ಅಮವಾಸ್ಯೆ ಮಳೆಗಾಲದ ಬಾಗಿಲಲ್ಲಿ ಬಂತು. ಹುನಗುಂದದ ಬೇವಿನ ಗಿಡದ ಕೆಳಗೆ ಮೋಡದ ಮಂಪರು ಬೆಳಕು. ಹಣ್ಣು ಉದುರಿ ಕಟ್ಟೆಯೆಲ್ಲ ಹಳದಿಯಾಗಿತ್ತು. ಸರ್ ಬಸ್ಸಿಳಿದು ಬರುವಾಗ ಅಕ್ಕ ಹೋಗಿ ಕೈ ಹಿಡಿದಳು. ಭಜಿ ಬಂತು. ಸರ್ ಕೈ ಒರೆಸಿಕೊಂಡು, ಲ್ಯಾಪ್‌ಟಾಪನ್ನು ನನ್ನ ಕಡೆ ಸರಿಸಿದರು.

“ನೀ ಒತ್ತವಾ.”

ನಾನು ಒತ್ತಿದೆ. ಎಂದಿನಂತೆ ಎಲೆ ಕೂಡ ಅಲುಗಲಿಲ್ಲ. ಹಳೆಯದು ಹೋಯಿತು. ಸರ್‌ಗೆ ಇನ್ನು ಮಾಡಲು ಏನೂ ಉಳಿಯಲಿಲ್ಲ. 

ಆಗ ಸರ್ ಲ್ಯಾಪ್‌ಟಾಪನ್ನು ಮತ್ತೆ ತಮ್ಮ ಕಡೆ ಎಳೆದುಕೊಂಡರು. ಅಕ್ಷರವನ್ನು ದೊಡ್ಡದು, ಇನ್ನೂ ದೊಡ್ಡದು ಮಾಡಿದರು. ಹುಡುಕಿ ಹುಡುಕಿ ಗಿಳಿಯನ್ನು ತೆಗೆದರು. ಅವರು ಹುಟ್ಟಿಸಿದ ಮೊದಲ ಪ್ರೋಗ್ರಾಮು, ಒಂದಕ್ಷರವೂ ತಿದ್ದದೆ ಉಳಿದದ್ದು. “ಹಳಬರು ಹೋದ್ರ ಹೊಸಾ ಮನಿಯೊಳಗ ಏನಂತಾರ ನೋಡೂಣು,” ಎಂದು ಅದನ್ನು ಹೊಸ ಆವೃತ್ತಿಗೆ ಕೊಟ್ಟರು.

ಅಕ್ಕನ ಮನೆಯಲ್ಲಿ ಸರ್ ತಿರುವಿದ್ದನ್ನು ನೋಡಿ ಕಲಿತು, ಮೊದಲ ಸಾಲಿನಲ್ಲಿ ‘ಹೊಸದು’ ಇಲ್ಲದ್ದು ಬಂದರೆ ಹೇಳಲೆಂದೇ ನಾನು ಒಂದು ಬೇಸಿಗೆ ಕೂತು ಬರೆದದ್ದು ಅಲ್ಲಿತ್ತು. ಒಂದು ಸಲಕ್ಕೆ ಒಂದೇ ಪದ ಹಿಡಿಯುವ ಪರದೆಯನ್ನು ಸರ್ ಮೆಲ್ಲಗೆ ಸರಿಸುತ್ತ, ಎಳೆಯ ಮಕ್ಕಳಂತೆ ಬಿಡಿಸಿ ಬಿಡಿಸಿ ಜೋರಾಗಿ ಓದಿದರು.

“ಹಳೇ... ಊರಿಂದ... ಬಂದೀರಿ. ದಣದಿರ್ತೀರಿ. ಒಳಗ... ಬರ್ರಿ. ಕುಂದರ್ರಿ. ಇಲ್ಲೆ... ಬಲ... ಅಂದ್ರ... ಬಲ. ನಿಮ್ಮದನ್ನ... ತಿರುವಿ... ಕೊಡ್ಲೇನ್ರಿ?”

ಅಕ್ಕ ಭಜಿ ಹಿಡಿದ ಕೈಯನ್ನು ಹಾಗೇ ತಟ್ಟೆಗೆ ಇಳಿಸಿದಳು. ಪರದೆಯ ಮೇಲೆ ಉತ್ತರಕ್ಕೆ ಕಾಯುವ ಸಣ್ಣ ಗೆರೆ ಮಿಣುಕುತ್ತಿತ್ತು. ಸರ್ ಕನ್ನಡಕ ತೆಗೆದರು. ನನ್ನ ಕಡೆ ನೋಡಲಿಲ್ಲ. ಪರದೆಯ ಕಡೆಗೇ, ಯಾರದೋ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಹೇಳುವವರ ಹಾಗೆ ಹೇಳಿದರು.

“ಹೂನ್ರಿ, ಬಂದೆ.”