ಮಿರ್ಲೆಯ ಎರಡು ಮಡಿ ಗದ್ದೆ

ದಸರಾ ಮುಗಿದ ವಾರ, ಬೆಳಿಗ್ಗೆ ಆರೂವರೆಗೆ ಮೈಸೂರಿನಲ್ಲಿ ಹೆಗ್ಗಡದೇವನಕೋಟೆಯ ಬಸ್ಸು ಹತ್ತಿದೆ. ಚೀಲದಲ್ಲಿ ಒಂದು ಭೂತಗನ್ನಡಿ, ನೋಟ್ ಪುಸ್ತಕ, ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ. ತೊಂಬತ್ತರ ದಶಕದ ಕೊನೆ ಅದು. ನಾನಾಗ ಸಸ್ಯಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಮಣ್ಣಿನಲ್ಲೇ ಇರುವ ಒಂದು ಒಳ್ಳೆಯ ಬ್ಯಾಕ್ಟೀರಿಯಾದ ಪುಡಿಯನ್ನು ಭತ್ತದ ಬೀಜಕ್ಕೆ ಸವರಿ ಬಿತ್ತಿದರೆ, ಗಿಡ ತಾನೇ ಎಚ್ಚೆತ್ತು ಬೆಂಕಿ ರೋಗವನ್ನು ತಡೆದುಕೊಳ್ಳುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಪುಡಿ ರೋಗವನ್ನು ಕೊಲ್ಲುವುದಿಲ್ಲ, ಗಿಡದೊಳಗಿನ ಶಕ್ತಿಯನ್ನು ಎಬ್ಬಿಸುತ್ತದೆ. ಪ್ರಯೋಗಾಲಯದ ಕುಂಡದಲ್ಲೇನೋ ಎಬ್ಬಿಸಿತ್ತು. ರೈತರ ಗದ್ದೆಯಲ್ಲಿ ಹೇಗೋ ನೋಡೋಣವೆಂದು ಮೂರು ಊರಿನ ಮೂರು ಮನೆಗೆ ಎರಡೆರಡು ಚೀಲ ಬೀಜ ಕೊಟ್ಟಿದ್ದೆ. ಒಂದು ಪುಡಿ ಸವರಿದ್ದು, ಇನ್ನೊಂದು ಬರೀ ಬೀಜ. ಅಕ್ಕಪಕ್ಕದ ಮಡಿಗಳಲ್ಲಿ ನೆಟ್ಟು ಹೋಲಿಸಬೇಕು. ಮಾರ್ಚಿಗೆ ನನ್ನ ಸಂಶೋಧನೆಯ ಅವಧಿ ಮುಗಿಯುತ್ತಿತ್ತು, ಇದನ್ನು ಬಿಟ್ಟರೆ ಇನ್ನೊಂದು ಮಳೆಗಾಲ ನನಗಿರಲಿಲ್ಲ.

ಹೆಗ್ಗಡದೇವನಕೋಟೆಯ ಗದ್ದೆಗೆ ಹಿಂದಿನ ವಾರವೇ ಆನೆ ನುಗ್ಗಿತ್ತು. ಗದ್ದೆಯ ಯಜಮಾನರು ನನ್ನ ಮುಖ ನೋಡಿ ಪಾಪ ಸಮಾಧಾನ ಹೇಳಿದರು: "ಎಲ್ಡು ಮಡಿನೂ ಸಮವಾಗಿ ತಿಂದದೆ ಕಣವ್ವ, ಭೇದ ಮಾಡಿಲ್ಲ."

ಅಲ್ಲಿಂದ ಗುರುಪುರಕ್ಕೆ. ಪಕ್ಕದ ಸೀಟಿನಲ್ಲಿ ಕೂತಿದ್ದ, ಅಲ್ಲಿನ ನಿರಾಶ್ರಿತರ ಶಿಬಿರದ ಟಿಬೆಟನ್ ಅಜ್ಜಿ ದಾರಿಯುದ್ದಕ್ಕೂ ಜಪಮಣಿ ತಿರುಗಿಸುತ್ತಿದ್ದರು. ನನಗೂ ಒಂದು ಜಪ ಬೇಕಾಗಿತ್ತು. ಗುರುಪುರದಲ್ಲಿ ಕೆರೆಗೆ ನೀರು ಬರಲಿಲ್ಲವೆಂದು ಗದ್ದೆಗೆ ರಾಗಿ ಹಾಕಿಬಿಟ್ಟಿದ್ದರು. ನನ್ನ ಬೀಜ ಏನಾಯಿತು ಎಂದರೆ, "ಕೋಳಿಗೆ ಹಾಕ್ದೋ" ಎಂಬ ಉತ್ತರ. ಕೋಳಿಗಳಿಗಾದರೂ ರೋಗ ತಡೆಯುವ ಶಕ್ತಿ ಬಂದಿರಲಿ ಎಂದು ಬೈದುಕೊಳ್ಳುತ್ತಲೇ ಹುಣಸೂರಿಗೆ ಬಂದು, ಬಸ್ ನಿಲ್ದಾಣದ ಹತ್ತಿರ ರೂಮು ಹಿಡಿದೆ. ಊರೆಲ್ಲ ಹೊಗೆಸೊಪ್ಪು ಬೇಯಿಸುವ ವಾಸನೆ.

ಮಾರನೆ ದಿನ ಕೆ.ಆರ್. ನಗರಕ್ಕೆ ಆರು ರೂಪಾಯಿ ಟಿಕೆಟ್ಟು. ಅಲ್ಲಿ ಎರಡು ಇಡ್ಲಿ ತಿಂದು, ಸಾಲಿಗ್ರಾಮದ ಬಸ್ಸಿನಲ್ಲಿ ಮಿರ್ಲೆಗೆ ಹೊರಟೆ. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಬೆಂಕಿ ರೋಗಕ್ಕೆ ಹೇಳಿ ಮಾಡಿಸಿದ ಹವೆ. ಕಿಟಕಿಯಾಚೆ ಅಲ್ಲಲ್ಲಿ ಗದ್ದೆಗಳು ಸುಟ್ಟಂತೆ ಕಂದಿದ್ದವು. ಉಳಿದಿದ್ದು ಇದೊಂದೇ ಊರು, ದೇವರೇ ಕಾಪಾಡು ಅಂದುಕೊಂಡೆ.

ಮಿರ್ಲೆಯಲ್ಲಿ ಬೀಜ ಕೊಟ್ಟಿದ್ದು ಜಯಮ್ಮ ಎಂಬ ಐವತ್ತರ ಹೆಂಗಸಿಗೆ. ಮನೆಯ ಬೇಸಾಯಕ್ಕೆಲ್ಲ ಅವರದೇ ಯಜಮಾನಿಕೆ. ಊರಿಗೇ ಕೇಳುವಂತೆ ಮಾತಾಡುವ ಜಯಮ್ಮ ಅವತ್ತು "ಬನ್ನಿ ಕಣವ್ವ" ಎಂದಷ್ಟೇ ಹೇಳಿ ನಾಲೆ ಏರಿಯ ಮೇಲೆ ಮುಂದೆ ನಡೆದರು. ಗದ್ದೆ ನೋಡಿದ್ದೇ ನನ್ನ ಜೀವ ಹಾರಿಹೋಯಿತು. ಎರಡು ಮಡಿಯೂ ಸುಟ್ಟಿದ್ದವು. ಎಲೆಯ ಮೇಲೆ ನೂಲುವ ಕದಿರಿನಾಕಾರದ ಬೂದು ಮಚ್ಚೆಗಳು, ಅಂಚೆಲ್ಲ ಕಂದು. ಪುಡಿ ಸವರಿದ ಮಡಿ ಯಾವುದು, ಸವರದ್ದು ಯಾವುದು ಎಂದು ಕೇಳುವ ಹಾಗೇ ಇರಲಿಲ್ಲ. ಮೂರು ವರ್ಷದ ಕೆಲಸ ನೀರಿನಲ್ಲಿ ಹೋಮ ಮಾಡಿದಂತಾಯಿತು ಎಂದು ಬದುವಿನ ಮೇಲೆ ಕುಸಿದು ಕೂತೆ. ನಾಚಿಕೆಯಿಲ್ಲದೆ ಕಣ್ಣೀರು ಬಂತು.

ಜಯಮ್ಮ ಗಾಬರಿಯಾದರು. "ಅಳ್ಬ್ಯಾಡಿ ಕಣವ್ವ, ತಪ್ಪು ನಂದು. ಇಲ್ಲಿ ಎಲ್ಡು ಮಡಿಗೂ ಬರೀ ಬೀಜದ ಪೈರ್ನೇ ಹಂಚಿ ನೆಟ್ಟಿವ್ನಿ."

"ಮತ್ತೆ ಪುಡಿ ಹಾಕಿದ್ದು?"

"ಸಿದ್ದಮ್ಮಂಗೆ ಕೊಟ್ಬುಟ್ಟೆ."

ಸಿದ್ದಮ್ಮ ಪಕ್ಕದ ಗದ್ದೆಯಾಕೆ. ನಾಟಿಗೆ ನಾಲ್ಕು ದಿನ ಇದೆ ಎನ್ನುವಾಗ ಅವಳ ಸಸಿಮಡಿಗೆ ದನ ನುಗ್ಗಿ ಪೂರ್ತಿ ಮೇಯ್ದಿದ್ದವು. ಜಯಮ್ಮನ ಸ್ವಂತ ನಾಟಿ ಆಗಲೇ ಮುಗಿದಿತ್ತು. ಉಳಿದಿದ್ದು ನನ್ನ ಎರಡು ಚೀಲ ಬೀಜದ ಪೈರು ಮಾತ್ರ. ಪೈರು ಸಾಲದೆ ಬಂದು ಕೇಳಿದವರಿಗೆ ಇಲ್ಲ ಅನ್ನುವ ರೂಢಿ ಆ ಕಡೆ ಇಲ್ಲ.

ನನಗೆ ಸಿಟ್ಟು ಬಂತು. "ಕೊಡೋದೇ ಆದ್ರೆ ಬರೀ ಬೀಜದ್ದು ಕೊಡಬಹುದಿತ್ತಲ್ಲಮ್ಮ!"

"ಅದೆಂಗಾದದು?" ಜಯಮ್ಮನ ಗಂಟಲು ಈಗ ಊರಿಗೇ ಕೇಳಿತು. "ಕೈಯೊಡ್ಡಿ ಕೇಳೋಕೆ ಬಂದೋಳ್ಗೆ, ಒಳ್ಳೇದು ನಾನಿಟ್ಕೊಂಡು ಆಗದ್ದು ಕೊಟ್ಟು ಕಳಿಸ್ಲಾ?"

ನಾನು ಬದು ದಾಟಿ ಸಿದ್ದಮ್ಮನ ಗದ್ದೆಗೆ ಓಡಿದೆ. ಒಂದು ಚಪ್ಪಲಿ ಕೆಸರಿನಲ್ಲೇ ಉಳಿಯಿತು.

ಹಸಿರು. ಮೊಣಕಾಲು ದಾಟಿ ಬೆಳೆದ ಗಟ್ಟಿ ಹಸಿರು! ಕಳೆ ಕೀಳುತ್ತಿದ್ದ ಸಿದ್ದಮ್ಮನನ್ನು "ಔಷಧಿ ಏನಾದರೂ ಹೊಡೆಸಿದ್ರಾ?" ಎಂದು ಕೇಳಿದೆ. "ನಮ್ಗೆಲ್ಲಿಂದ ಬತ್ತದೆ ತಾಯಿ ಔಸ್ದಿ" ಎಂದು ನಕ್ಕಳು. ಅದೇ ಮಣ್ಣು, ಅದೇ ನಾಲೆ ನೀರು, ಒಂದೇ ದಿನದ ನಾಟಿ. ಆದರೂ ರೋಗ ಇತ್ತ ಕಡೆ ಬಂದೇ ಇಲ್ಲದಿದ್ದರೆ ಪುಡಿ ಕೆಲಸ ಮಾಡಿತೆಂದು ಹೇಳುವಂತಿಲ್ಲ. ಭೂತಗನ್ನಡಿ ಹಿಡಿದು ಎಲೆ ನೋಡಿದೆ. ಗುಂಡುಸೂಜಿಯ ಮೊನೆಯಷ್ಟು ಕಂದು ಚುಕ್ಕೆಗಳಿದ್ದವು, ಎಲೆ ಎಲೆಗೂ.

ಬಗ್ಗಿ ನೋಡಿದ ಸಿದ್ದಮ್ಮ ಎದೆ ಹಿಡಿದುಕೊಂಡಳು. "ಅಯ್ಯೋ, ನಂಗೂ ಬಂದದಾ?"

"ಬಂದಿತ್ತಮ್ಮ. ಒಳಗೆ ಕಾಲಿಟ್ಟಿದೆ, ಗಿಡ ಅಲ್ಲೇ ಕಟ್ಟಿಹಾಕಿದೆ. ಇದಕ್ಕಿಂತ ದೊಡ್ಡದಾಗೋಕೆ ಬಿಟ್ಟಿಲ್ಲ." ಮೂರು ವರ್ಷ ಕಾದಿದ್ದು ಆ ಚುಕ್ಕೆಗಳಿಗೇ.

ಹಿಂದೆ ಬಂದು ನಿಂತಿದ್ದ ಜಯಮ್ಮ ಮೆಲ್ಲಗೆ ಕೇಳಿದರು: "ನಿಮ್ಮ ಓದು ಕೆಟ್ಟೋಗ್ಲಿಲ್ವಾ ಹಂಗಾರೆ?"

"ಇಲ್ಲ. ನಿಮ್ಮ ಎರಡು ಮಡಿ ಹೋಯ್ತಲ್ಲಮ್ಮ."

"ಹೋಗ್ಲಿ ಬುಡಿ. ಆ ಬರೀ ಬೀಜದ ಪೈರ್ನ ಇವ್ಳಿಗೆ ಕೊಟ್ಟಿದ್ರೆ ಇವತ್ತು ಇವ್ಳ ಮಕ ಎಂಗೆ ನೋಡ್ತಿದ್ದೆ?" ಎಂದು ಚಪ್ಪಲಿ ಎತ್ತಿ ಕೊಟ್ಟು, ಊಟಕ್ಕೆ ಕರೆದುಕೊಂಡು ಹೋದರು. ಬಿಸಿ ಮುದ್ದೆ, ಅವರೆಕಾಳಿನ ಸಾರು. ಎರಡು ಮುದ್ದೆ ಉಂಡೆ.

ನಾಲ್ಕರ ಬಸ್ಸಿನ ಕಿಟಕಿಯಿಂದ ತಿರುಗಿ ನೋಡಿದೆ. ಕಂದಿದ ಗದ್ದೆಗಳ ನಡುವೆ ಸಿದ್ದಮ್ಮನದು ಮಾತ್ರ ಹಸಿರಾಗಿ ಕಾಣುತ್ತಿತ್ತು. ಆಮೇಲೆ ನೋಟ್ ಪುಸ್ತಕ ತೆಗೆದು ಊಟವಾದ ಮೇಲೆ ಎರಡೂ ಕಡೆ ಎಣಿಸಿದ್ದ ಎಲೆಗಳ ಲೆಕ್ಕವನ್ನೆಲ್ಲ ತುಂಬಿದೆ. ಕೊನೆಯಲ್ಲಿ ಒಂದು ಅಂಕಣ ಖಾಲಿ ಉಳಿಯಿತು: 'ಪ್ರಯೋಗದ ಕ್ರಮದಲ್ಲಿ ಆದ ವ್ಯತ್ಯಾಸ, ಕಾರಣ.' ಎರಡು ಸಲ ದೊಡ್ಡ ದೊಡ್ಡ ಮಾತಿನಲ್ಲಿ ಬರೆದು ಹೊಡೆದುಹಾಕಿದೆ. ಕೆ.ಆರ್. ನಗರ ಬರುವಷ್ಟರಲ್ಲಿ ಇಷ್ಟು ಬರೆದಿದ್ದೆ: 'ನೆರೆಯವರು ಸಸಿ ಕೇಳಿದರು. ಜಯಮ್ಮ ಒಳ್ಳೆಯದನ್ನು ಕೊಟ್ಟರು.'